ಒಲೆ ಪಕ್ಕದ ಮಂಚ

"ನಮ್ಮ ತಾಯಿಯವರು ಈ ನೆಲಕ್ಕೆ ಕಾಲಿಟ್ಟ ದಿನ, ಹಡಗಿನಿಂದ ಇಳಿದವರೇ ಬಗ್ಗಿ ಮಣ್ಣಿಗೆ ಮುತ್ತಿಟ್ಟರು," ಎಂದು ಅಣ್ಣ ಮೈಕಿನಲ್ಲಿ ಹೇಳಿ, ಮಾತು ಜನರ ಎದೆಗಿಳಿಯಿತೇ ಎಂದು ಸಾಲು ಸಾಲಾಗಿ ಕಣ್ಣಾಡಿಸಿದ.

ಮುತ್ತಂತೆ ಮುತ್ತು! ಸಭಾಂಗಣದ ಹಿಂಬದಿಯಲ್ಲಿ, ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ ತಂಗಿಗೆ ಇದು ಅಮ್ಮನ ಸಾವಿನ ಸಭೆ ಎಂಬುದೂ ಮರೆತು ನಗು ಉಕ್ಕಿತು. ಅಮ್ಮ ಬಗ್ಗಿದ್ದೇನೋ ನಿಜ. ಬಗ್ಗಿ ವಾಂತಿ ಮಾಡಿಕೊಂಡಿದ್ದಳು. ಹಡಗು ಹತ್ತಿದಂದಿನಿಂದ ಹೊಟ್ಟೆಯಲ್ಲಿ ನೀರೂ ನಿಂತಿರಲಿಲ್ಲ. ಅದು ಹೋಗಿ ಬಿದ್ದದ್ದು ಬಂದರಿನ ಅಧಿಕಾರಿಯ ಪಾಲಿಶ್ ಮಾಡಿದ ಬೂಟಿನ ಮೇಲೆ. ತೊಂಬತ್ತು ದಾಟಿದ ಮೇಲೂ ಅಮ್ಮ ಇದನ್ನು ಪದಕ ತೋರಿಸಿದಂತೆ ಹೇಳಿಕೊಳ್ಳುತ್ತಿದ್ದಳು. ಅಣ್ಣನೂ ಕೇಳಿದ್ದ. ಆದರೆ ವಾಂತಿ ಇಟ್ಟುಕೊಂಡು ಭಾಷಣ ಕಟ್ಟಲಾಗುತ್ತದೆಯೇ?

ಅಮ್ಮ ಅವನಿಗಿಟ್ಟ ಅಡ್ಡಹೆಸರು ಮೈಕು. "ಹೊಟ್ಟೇಲಿದ್ದಾಗ ಎಲ್ಲರ ಮಕ್ಕಳೂ ಒದೀತಾವೆ, ಇವನು ಭಾಷಣ ಮಾಡ್ತಿದ್ದ," ಎನ್ನುತ್ತಿದ್ದಳು. ಈಗ ಅವನು ನಗರಸಭೆಯ ಸದಸ್ಯ. ಯುದ್ಧದಲ್ಲಿ ಊರು ಕಳೆದುಕೊಂಡು ಬಂದ ಬಡ ಹೆಂಗಸಿನ ಮಗ ಎಂದು ಹೇಳಿಕೊಂಡೇ ಮೂರು ಚುನಾವಣೆ ಗೆದ್ದಿದ್ದ. ಆ ಬಡ ಹೆಂಗಸನ್ನು ನೋಡಲು ಮಾತ್ರ ವರ್ಷಕ್ಕೊಮ್ಮೆ, ಅದೂ ಫೋಟೋ ತೆಗೆಯುವವನನ್ನು ಕರೆದುಕೊಂಡು ಬರುತ್ತಿದ್ದ.

ಮುಂದಿನ ಸಾಲಿನಲ್ಲಿ ಎದುರುಮನೆಯ ಮುದುಕಿ ಸೆರಗಿಲ್ಲದ್ದಕ್ಕೆ ಶಾಲಿನ ತುದಿಯಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ಅಮ್ಮ ಈ ಬೀದಿಯಲ್ಲಿ ಮನೆ ಮಾಡಿದ ಹೊಸತರಲ್ಲಿ, ಒಣಹಾಕಿದ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಓಡಿದ್ದವಳು ಇವಳೇ. "ಅವಳ ಹರಕು ಲಂಗ ಕದ್ದು ನಾನೇನು ಅರಮನೆ ಕಟ್ಟಿಸ್ಬೇಕಿತ್ತಾ?" ಎಂದು ಅಮ್ಮ ಅಂದಿನಿಂದ ಅವಳ ಮುಖವನ್ನೇ ನೋಡಿರಲಿಲ್ಲ. ಸತ್ತವರ ಮೇಲೆ ಈ ಜನಕ್ಕೆ ಎಂಥ ಪ್ರೀತಿ! ಎದ್ದು ಬಂದು ಜಗಳ ಕಾಯುವುದಿಲ್ಲ ಎಂಬ ಧೈರ್ಯ, ಅಷ್ಟೆ.

"ತಾಯಿಯವರು ಯಾವತ್ತೂ ಗೊಣಗಿದವರಲ್ಲ," ಎಂದ ಅಣ್ಣ.

ಅಯ್ಯೋ ಶಿವನೇ. ಆಸ್ಪತ್ರೆಗಳ ಚಾದರ ಒಗೆಯುವ ಲಾಂಡ್ರಿಯಲ್ಲಿ, ಇಸ್ತ್ರಿ ಯಂತ್ರದ ಹಬೆಗೆ ಮುಖ ಕೊಟ್ಟು ಬದುಕೆಲ್ಲ ನಿಂತವಳು ಅವಳು. ಹಬೆಯನ್ನು ಬೈದಳು, ಮೇಸ್ತ್ರಿಯನ್ನು ಬೈದಳು, ಇಲ್ಲಿನ ಬ್ರೆಡ್ಡನ್ನು ಬೈದಳು, ಲಾರಿ ಓಡಿಸುತ್ತಲೇ ಸತ್ತುಹೋದ ಗಂಡನನ್ನು ಹೇಳದೆ ಕೇಳದೆ ಹೋದನೆಂದು ಬೈದಳು. ಗೊಣಗಾಟವೇ ಅವಳ ಉಸಿರು. ಅದು ನಿಂತದ್ದು ಉಸಿರಿನ ಜೊತೆಗೇ.

ತಂಗಿ ಒಳಗೆ ತಿರುಗಿ ನೋಡಿದಳು. ದೊಡ್ಡ ಪಾತ್ರೆಯಿಂದ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದ ಹೆಂಗಸು ತಲೆ ಎತ್ತಲಿಲ್ಲ. ಇನ್ನೊಂದು ಊರಿನ, ಇನ್ನೊಂದು ಯುದ್ಧದಿಂದ ತಪ್ಪಿಸಿಕೊಂಡು ಹೋದ ವರ್ಷ ಬಂದವಳು. ಅಮ್ಮ ದುಡಿದ ಲಾಂಡ್ರಿಯಲ್ಲೇ ಈಗ ತಂಗಿಗೂ ಕೆಲಸ; ಅವಳ ಪಕ್ಕದ ಯಂತ್ರ ಇವಳದು. ಇರಲು ಜಾಗವಿಲ್ಲವೆಂದು ತಂಗಿಯೇ ಮನೆಗೆ ಕರೆತಂದಿದ್ದಳು. ಇಲ್ಲಿನ ಭಾಷೆ ಇನ್ನೂ ನಾಲ್ಕಾರು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಅಮ್ಮ ಅವಳನ್ನು ಕರೆಯುತ್ತಿದ್ದದ್ದು 'ವಿಮಾನದವಳು' ಎಂದು.

ಸಭೆ ಶುರುವಾಗುವ ಮೊದಲು ಅಣ್ಣ ಇದೇ ಅಡುಗೆಕೋಣೆಗೆ ಬಂದು, ಅವಳೆದುರೇ ಹೇಳಿದ್ದ. "ಪುಟ್ಟೀ, ಇವಳು ನಾಳೆ ಖಾಲಿ ಮಾಡ್ಬೇಕು. ಸೋಮವಾರ ಮನೆ ನೋಡೋಕೆ ಜನ ಬರ್ತಾರೆ. ಒಳ್ಳೇ ರೇಟು."

"ಎಲ್ಲಿಗೆ ಹೋಗ್ತಾಳಣ್ಣ?"

"ನಂಗೇನ್ ಗೊತ್ತು? ಬೆಚ್ಚಗಿನ ಕೋಣೆ ಹಿಡ್ಕೊಂಡು ಅಮ್ಮನ್ನ ಚಳೀಲಿ ಮಲಗಿಸಿದ್ದು ಸಾಲ್ದಾ? ಅಮ್ಮನ್ನ ತಿಂದಿದ್ದೇ ಇವಳು."

ತಂಗಿ ಲೋಟಗಳನ್ನು ಜೋಡಿಸತೊಡಗಿದ್ದಳು. ಅರವತ್ತಾದರೂ ಅವನ ಪಾಲಿಗೆ ಪುಟ್ಟಿ. ಅವನು ಹೇಳಿದ್ದಕ್ಕೆ ಹುಟ್ಟಿದಂದಿನಿಂದ ಹೂಂಗುಟ್ಟಿದವಳು. ಅವನ ಮೇಲೆ ಎಷ್ಟು ತಾತ್ಸಾರವಿತ್ತೋ, ತನ್ನ ಆ ಹೂಂಗುಟ್ಟುವ ಚಾಳಿಯ ಮೇಲೆ ಅದಕ್ಕಿಂತ ಹೆಚ್ಚಿತ್ತು.

ಕೋಣೆಯನ್ನು ಆ ಹೆಂಗಸು ಹಿಡಿದುಕೊಂಡದ್ದಲ್ಲ. ನಿರಾಶ್ರಿತರ ಶಿಬಿರದಲ್ಲಿ ಅಮ್ಮ ಕಳೆದ ಕಾಲದಲ್ಲಿ, ಉದ್ದನೆಯ ತಗಡಿನ ಕೊಠಡಿಗೆ ಚಳಿ ಕಾಯಿಸಿಕೊಳ್ಳಲು ಇದ್ದದ್ದು ಒಂದೇ ಕಬ್ಬಿಣದ ಒಲೆ. ಹೊಸದಾಗಿ ಬಂದವರಿಗೆ ಒಲೆ ಪಕ್ಕದ ಮಂಚ. ಇನ್ನೊಬ್ಬರು ಬಂದರೆ ಎಲ್ಲರೂ ಒಂದೊಂದು ಮಂಚ ಬಾಗಿಲ ಕಡೆಗೆ ಸರಿಯಬೇಕು. ಹಳಬರಿಗೆ ಬಾಗಿಲ ಗಾಳಿ. "ಮೈ ಬೆಚ್ಚಗಾಗೋ ಹೊತ್ತಿಗೆ ಇನ್ನೊಂದು ಶನಿ ಬಂದು ವಕ್ಕರಿಸ್ತಿತ್ತು," ಎಂದು ಅಮ್ಮ ಆ ನಿಯಮ ಮಾಡಿದವರಿಗೆ ಹಿಡಿಶಾಪ ಹಾಕುತ್ತಿದ್ದಳು. ಆದರೂ ವಿಮಾನದವಳು ಮನೆಗೆ ಬಂದ ಸಂಜೆಯೇ ಅಮ್ಮ ತನ್ನ ಹಾಸಿಗೆ ಸುತ್ತಿಕೊಂಡು, ಒಲೆಯ ಕೋಣೆ ಬಿಟ್ಟು, ಮುಂಬಾಗಿಲ ಒಳಗಿನ ಇಕ್ಕಟ್ಟಾದ ಪಡಸಾಲೆಗೆ ಹೋಗಿ ಮಲಗಿದಳು.

"ಅಮ್ಮಾ, ಹುಚ್ಚೇನೇ ನಿಂಗೆ? ಈ ವಯಸ್ಸಲ್ಲಿ!" ಎಂದು ತಂಗಿ ಕೂಗಾಡಿದ್ದಳು.

"ಬಂದವರು ಒಲೆ ಹತ್ರ. ಅಷ್ಟೂ ಗೊತ್ತಾಗಲ್ವಾ? ಇವಳಿಗೇನು ಕಷ್ಟ ಬಂದಿತ್ತೋ, ಕಾಲು ಚಾಚ್ಕೊಂಡು ವಿಮಾನದಲ್ಲಿ ಬಂದಿದಾಳೆ ಮಹಾರಾಣಿ," ಎಂದು ಗೋಡೆಗೆ ತಿರುಗಿ ಮಲಗಿದ್ದಳು ಅಮ್ಮ. ಕರೆದರೂ ಬೇಡಿದರೂ ವಾಪಸು ಬರಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಎದೆಗೆ ಕಫ ಕಟ್ಟಿ ಹೋದಳು.

ವೇದಿಕೆಯ ಮೇಲೆ ಅಣ್ಣ ಈಗ ಆ ಒಲೆಯ ಕತೆಗೇ ಬಂದಿದ್ದ. "ಹೊಸಬರಿಗೆ ಒಲೆಯ ಪಕ್ಕದ ಮಂಚ! ಮಾನವೀಯತೆ ಎಂದರೆ ಇದಲ್ಲವೇ ಬಂಧುಗಳೇ? ತಾಯಿಯವರು ನನಗೆ ಬಿಟ್ಟುಹೋದ ಆಸ್ತಿ ಎಂದರೆ ಇದೊಂದೇ!" ಚಪ್ಪಾಳೆ ಬಿತ್ತು. "ಈಗ ನನ್ನ ತಂಗಿ ಎರಡು ಮಾತು ಹೇಳ್ತಾಳೆ. ಬಾ ಪುಟ್ಟಿ, ನಾಚ್ಕೋಬೇಡ."

ಎರಡು ಮಾತು ಎಂದರೆ ಧನ್ಯವಾದ ಹೇಳಿ ಇಳಿಯುವುದು. ಅವಳು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಹೋಗಿ ಮೈಕಿನ ಮುಂದೆ ನಿಂತಳು.

"ನಂಗೆ ಭಾಷಣ ಬರಲ್ಲ. ಮಂಚದ ಕತೆ ನಿಜ. ಮಿಕ್ಕಿದ್ದೆಲ್ಲ ಅಣ್ಣನ ಕೈಚಳಕ. ಅಮ್ಮ ದೇವತೆಯೇನಲ್ಲ, ಬಾಯಿ ತೆಗೆದ್ರೆ ಬೈಗುಳ. ಬೈಕೊಂಡೇ ತನ್ನ ಕೋಣೆ ಬಿಟ್ಕೊಟ್ಲು. ಯಾರಿಗೆ ಅಂತೀರಾ? ಅಗೋ, ಅಲ್ಲಿ ನಿಂತಿದಾಳಲ್ಲ, ನಿಮಗೆಲ್ಲ ಚಹಾ ಮಾಡಿದೋಳು, ಅವಳಿಗೆ. ಅವಳನ್ನ ನಾಳೆ ಹೊರಗೆ ಹಾಕು ಅಂತ ಅಣ್ಣ ಈಗ ತಾನೇ ಹೇಳಿ ಬಂದು ಮೈಕು ಹಿಡ್ದ."

"ಪುಟ್ಟೀ..." ಅಣ್ಣ ಹಲ್ಲು ಕಾಣುವಂತೆ ನಗುತ್ತಲೇ ಅವಳ ತೋಳು ಹಿಡಿದ. "ದುಃಖದಲ್ಲಿದಾಳೆ, ಪಾಪ."

ಅವಳು ತೋಳು ಕೊಡವಿಕೊಂಡಳು. "ನಾನು ಹಾಕಲ್ಲ ಅಣ್ಣ. ಮನೇಲಿ ಅರ್ಧ ನಂದು. ಬೇಕಾದ್ರೆ ನಡುವೆ ಗೋಡೆ ಎಬ್ಬಿಸ್ಕೊ. ಒಲೆ ನನ್ನ ಅರ್ಧದಲ್ಲಿರುತ್ತೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ಅಡುಗೆಕೋಣೆಯ ಬಾಗಿಲ ಕಡೆ ನೋಡತೊಡಗಿದರು.

ಬಾಗಿಲಲ್ಲಿದ್ದ ಹೆಂಗಸಿಗೆ ಒಂದೂ ತಿಳಿಯಲಿಲ್ಲ. ಇಷ್ಟು ಜನ ಒಟ್ಟಿಗೆ ತನ್ನನ್ನೇ ನೋಡುತ್ತಿದ್ದಾರೆಂದರೆ ಚಹಾ ತಡವಾಯಿತೆಂದೇ ಇರಬೇಕು. ಗಡಿಬಿಡಿಯಿಂದ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು, ಕುರ್ಚಿಗಳ ಸಾಲಿನ ನಡುವೆ ಹಾದು, ದೊಡ್ಡವರಿಗೆ ಮೊದಲು ಎಂದು ನೇರ ವೇದಿಕೆ ಹತ್ತಿ ಅಣ್ಣನ ಮುಂದೆ ತಟ್ಟೆ ಚಾಚಿದಳು.

"ಬಿಸಿ. ಮೆಲ್ಲಗೆ," ಎಂದಳು, ಕಲಿತ ಮಾತುಗಳನ್ನು ಜೋಡಿಸಿ.

ಇಡೀ ಸಭೆ ಅವನ ಕೈಯನ್ನೇ ನೋಡುತ್ತಿತ್ತು. ಅವನು ಲೋಟ ತೆಗೆದುಕೊಂಡ. ಜನರಿಗೆ ಕಾಣಲಿ ಎಂದು ಒಂದು ದೊಡ್ಡ ಗುಟುಕನ್ನೇ ಎಳೆದ. ಎಳೆದವನು ನುಂಗಲಾಗದೆ, ಉಗುಳಲಾಗದೆ, ಕೆನ್ನೆ ಉಬ್ಬಿಸಿಕೊಂಡು ಮೈಕಿನ ಪಕ್ಕದಲ್ಲಿ ನಿಂತುಬಿಟ್ಟ. ಖಾಲಿ ಲೋಟ ವಾಪಸು ತೆಗೆದುಕೊಳ್ಳಬೇಕೆಂದು ಆಕೆ ತಟ್ಟೆ ಹಿಡಿದುಕೊಂಡು ಅಲ್ಲೇ ಕಾದಳು.