ಮೂರನೇ ಕ್ಲಾಸಿನ ಸಿನಿಮಾ ಪೀರಿಯಡ್ಡು

ಮಾದಾಪುರದ ಕಡೆ ಕಾಲ್‌ಸೆಂಟರುಗಳು ಹೆಚ್ಚಿದಂತೆಲ್ಲ ಮಲ್ಕಾಜ್‌ಗಿರಿಯ ಆ ಶಾಲೆಯಲ್ಲಿ ಸಿನಿಮಾ ಪೀರಿಯಡ್ಡುಗಳೂ ಹೆಚ್ಚುತ್ತ ಹೋದವು. ಎರಡಕ್ಕೂ ನಂಟಿತ್ತು. ನಾಲಿಗೆಯ ಮೇಲೆ ನಾಲ್ಕು ಮಾತು ಇಂಗ್ಲಿಷ್ ಆಡುತ್ತಿದ್ದ ಟೀಚರುಗಳೆಲ್ಲ ಒಬ್ಬೊಬ್ಬರಾಗಿ ಚಾಕ್‌ಪೀಸು ಕೆಳಗಿಟ್ಟು ಆ ಕಡೆ ಹೊರಟುಬಿಟ್ಟರು. ಮನೆಬಾಗಿಲಿಗೆ ಗಾಡಿ ಬರುತ್ತದೆ, ಕೂತಲ್ಲಿ ತಣ್ಣನೆ ಗಾಳಿ ಬೀಸುತ್ತದೆ, ತಿಂಗಳಾದರೆ ಕೈತುಂಬ ಸಂಬಳ. ಅದನ್ನು ಬಿಟ್ಟು ಕಂಡವರ ಮಕ್ಕಳ ಮೂಗು ಒರೆಸುತ್ತ ಯಾರು ಕೂತಾರು? ಶಾಲೆಯ ಮಾಲೀಕ ರಾಮದಾಸ, ಅಲ್ಲಿಯವರ ಬಾಯಲ್ಲಿ ಕರೆಸ್ಪಾಂಡೆಂಟ್ ಸರ್, ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಗಿರಾಕಿಯಲ್ಲ. ಟೀಚರ್ ಇಲ್ಲದ ಕ್ಲಾಸುಗಳನ್ನು ಇದ್ದವರ ಕ್ಲಾಸಿಗೆ ಕೂಡಿಸಿ, ಎಲ್ಲರನ್ನೂ ಮೇಲ್ಮಹಡಿಯ ಹಾಲಿನಲ್ಲಿ ತುಂಬಿ, ಟಿವಿಗೆ ಕಾರ್ಟೂನು ಸಿನಿಮಾದ ಸಿಡಿ ಹಾಕಿಸಿದ. ಗೇಟಿನ ಬೋರ್ಡಿನ ಮೇಲೆ 'ಮಲ್ಟಿಮೀಡಿಯಾ ಶಿಕ್ಷಣ' ಎಂದು ಬರೆಸಿದ. ತಂದೆತಾಯಿಗಳು ಹಿಗ್ಗಿದರು. ಮಕ್ಕಳಂತೂ ಕೇಳುವುದೇ ಬೇಡ.

ಬಿಟ್ಟುಹೋಗದೆ ಉಳಿದವರಲ್ಲಿ ಮೂರನೇ ಕ್ಲಾಸಿನ ವಿಶಾಲಾಕ್ಷಿ ಒಬ್ಬಳು. ಬಾಗಲಕೋಟೆ ಕಡೆಯಿಂದ ಈ ತೆಲುಗು ಊರಿಗೆ ಬಂದವಳು. ಗಂಡ ಮಲ್ಲಪ್ಪ ಮಿಲಿಟರಿ ಸಾಮಾನು ತಯಾರಿಸುವ ಸರಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹೋದವರ ಇಂಗ್ಲಿಷಿಗಿಂತ ಅವಳದೇನೂ ಕಡಿಮೆಯಿರಲಿಲ್ಲ. "ನೀವೂ ಬಂದುಬಿಡಿ ಅಕ್ಕಾ" ಎಂದು ಅವರೆಲ್ಲ ಕರೆದಾಗ ಏನೋ ಒಂದು ನೆಪ ಹೇಳಿ ನಕ್ಕುಬಿಡುತ್ತಿದ್ದಳು. ಅವಳು ಈ ಶಾಲೆಗೆ ಸೇರಿದ್ದು ಸಂಬಳಕ್ಕಲ್ಲ, ಮಗಳನ್ನು ಕಾಯುವುದಕ್ಕೆ.

ಮಗಳು ಸಂಯುಕ್ತಾಳಿಗೆ ಫಿಟ್ಸ್ ಬರುತ್ತಿತ್ತು. ಮೊದಲ ಸಲ ಬಂದದ್ದು ಒಂದು ಮದುವೆಮನೆಯಲ್ಲಿ. ಫೋಟೋದವನು ಮುಖದ ಮುಂದೆ ಪಟಪಟನೆ ಫ್ಲ್ಯಾಶ್ ಹೊಡೆಯುತ್ತಿದ್ದಾಗ ಹುಡುಗಿ ಹಾಗೇ ಕಣ್ಣು ಮೇಲೆ ಮಾಡಿ ಬಿದ್ದಿತ್ತು. ಮತ್ತೊಂದು ಸಲ ಮನೆಯಲ್ಲೇ, ಟಿವಿ ಮುಂದೆ. ತಾರ್ನಾಕದ ಡಾಕ್ಟರು ಗುಳಿಗೆ ಬರೆದುಕೊಟ್ಟು, ಬೆಳಕು ಮಿಣಿಮಿಣಿ ಅನ್ನುವ ಕಡೆ ಹುಷಾರಾಗಿರಬೇಕು ಎಂದರು. ಅಂಥ ಬೆಳಕು ಎದುರಾದರೆ ಒಂದು ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿಕೊಳ್ಳಬೇಕು, ಒಂದೇ ಕಣ್ಣಿಗೆ ಬಿದ್ದ ಬೆಳಕು ಅಷ್ಟು ಕೆಡುಕು ಮಾಡುವುದಿಲ್ಲ ಎಂದು ತೋರಿಸಿಕೊಟ್ಟರು. ಗಂಡಹೆಂಡತಿ ಇಬ್ಬರೂ ಮಗಳಿಗೆ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಅಂದಿನಿಂದ ಒಂದು ಸಲವೂ ಬಂದಿರಲಿಲ್ಲ. ಈ ದಸರೆಯವರೆಗೆ ಹೀಗೇ ಕಳೆದರೆ ಗುಳಿಗೆ ಕಡಿಮೆ ಮಾಡುತ್ತ ಬಂದು ನಿಲ್ಲಿಸಿಯೇ ಬಿಡೋಣ ಎಂದು ಡಾಕ್ಟರು ಹೇಳಿದ್ದರು. ಆ ದಸರೆಗಾಗಿ ವಿಶಾಲಾಕ್ಷಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಅದೊಂದು ದಾಟಿದರೆ ಮಗಳು ಎಲ್ಲರಂಥ ಹುಡುಗಿ; ಹಿಂದಿನದು ಯಾರಿಗೂ ತಿಳಿಯಬೇಕಾಗಿಯೇ ಇಲ್ಲ.

ಯಾರಿಗೂ ತಿಳಿದಿರಲೂ ಇಲ್ಲ. ಹಿಂದೆ ಕಾರ್ಖಾನೆಯ ಕ್ವಾರ್ಟರ್ಸಿನ ಹತ್ತಿರದ ಶಾಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅದರ ರುಚಿ ನೋಡಿಯಾಗಿತ್ತು. ಅಲ್ಲಿ ಮಗುವನ್ನು ಬೇರೆ ಕುರ್ಚಿಯಲ್ಲಿ ಕೂರಿಸಿದರು, ಆಟಕ್ಕೆ ಬಿಡಲಿಲ್ಲ, ಕೊನೆಗೆ ಉಳಿದ ಮಕ್ಕಳು ಹೆದರುತ್ತಾರೆ ಎಂದು ನಯವಾಗಿಯೇ ಸಾಗಹಾಕಿದರು. ಅದಾದ ಮೇಲೆ ವಿಶಾಲಾಕ್ಷಿ ಬಾಯಿ ಹೊಲಿದುಕೊಂಡಳು. ಊರಿನ ಅತ್ತೆಗೂ ಹೇಳಲಿಲ್ಲ. ಹೆಣ್ಣುಮಗು, ನಾಳೆ ಕೊಟ್ಟು ತರುವ ಮಾತು ಬಂದಾಗ ಇದೇ ಎದ್ದು ನಿಲ್ಲುತ್ತದೆ ಎಂಬ ಭಯ. ಮಗಳಿಗೆ ಗುಳಿಗೆ ನುಂಗಿಸುವಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡುತ್ತಿದ್ದಳು.

"ಯಾರರ ಕೇಳಿದ್ರ ಏನಂತ ಹೇಳ್ತಿ?"

"ಟಾನಿಕ್ ಐತ್ರಿ ಅಂತ."

"ಶಾಣ್ಯಾ ಅದಿ."

ಶಾಲೆಯಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಟೀಚರುಗಳ ಮಕ್ಕಳು ಶಾಲೆಯೊಳಗೆ ತಾಯಿಯನ್ನು ಅವ್ವ, ಅಮ್ಮ ಎನ್ನುವಂತಿಲ್ಲ, ಎಲ್ಲರಂತೆ 'ಮಿಸ್' ಎನ್ನಬೇಕು. ಸೇರಿದ ಹೊಸದರಲ್ಲಿ, ತಾಯಿಯ ಕ್ಲಾಸಿನಲ್ಲೇ ಇದ್ದ ಸಂಯುಕ್ತಾ ಒಂದು ಸಲ ಮರೆತು "ಅವ್ವಾ" ಎಂದಾಗ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತ್ತು. ತನ್ನ ಮಗಳೆಂದು ತಲೆಯ ಮೇಲೆ ಕೂರಿಸಿಕೊಂಡಿದ್ದಾಳೆ ಎಂಬ ಮಾತು ಬರಬಾರದೆಂದು ವಿಶಾಲಾಕ್ಷಿ ಅವಳನ್ನೇ ಹೊರಗೆ ನಿಲ್ಲಿಸಿದಳು. ಉಳಿದ ಮಕ್ಕಳಿಗೆ ಒಂದು ಮಾತಾದರೆ ಮಗಳಿಗೆ ಎರಡು. ಹುಡುಗಿ ಬಲು ಬೇಗ ಕಲಿತುಕೊಂಡಿತು. ಗೇಟಿನೊಳಗೆ ಕಾಲಿಟ್ಟರೆ ಅವಳಿಗೆ ತಾಯಿ ಇರಲಿಲ್ಲ, ಮಿಸ್ ಇದ್ದಳು.

ಸಿನಿಮಾ ಪೀರಿಯಡ್ಡು ವಿಶಾಲಾಕ್ಷಿಯ ತಲೆಗೇ ಬಂತು. ಬೇಡವೆನ್ನಲು ಕಾರಣ ಹೇಳಬೇಕಲ್ಲ, ಕಾರಣ ಹೇಳುವಂತಿರಲಿಲ್ಲ. ಅಷ್ಟು ಮಕ್ಕಳನ್ನು ಒಂದೇ ಕಡೆ ಕೂರಿಸಿದರೆ ಚಿವುಟುವುದು, ಜಡೆ ಎಳೆಯುವುದು, ಡಬ್ಬಿ ಕದ್ದು ತಿನ್ನುವುದು. ಅದಕ್ಕೆ ಅವಳು ಒಂದು ಶಿಸ್ತು ತಂದಳು: ಸಿನಿಮಾ ಮುಗಿಯುವವರೆಗೆ ಎಲ್ಲರ ಕೈ ಎದೆಯ ಮೇಲೆ ಕಟ್ಟಿರಬೇಕು, ಕಣ್ಣು ಮುಂದಿರಬೇಕು. "ಹ್ಯಾಂಡ್ಸ್ ಫೋಲ್ಡ್!" ಎಂದರೆ ಸಾಕು, ಇಡೀ ಹಾಲು ಕೈಕಟ್ಟುತ್ತಿತ್ತು. ಮಗಳನ್ನು ಮಾತ್ರ ಕೊನೆಯ ಬೆಂಚಿನ ಮೂಲೆಯಲ್ಲಿ, ತೆರೆದ ಬಾಗಿಲಿನ ಪಕ್ಕ ಕೂರಿಸುತ್ತಿದ್ದಳು. ಟಿವಿ ದೂರ, ಹೊರಗಿನ ಬೆಳಕು ಧಾರಾಳ, ಮಿಣುಕು ಅಷ್ಟಾಗಿ ತಾಗುತ್ತಿರಲಿಲ್ಲ. ಅಲ್ಲಿ ಅವಳು ಕಣ್ಣಿಗೆ ಅಂಗೈ ಹಿಡಿದರೆ ತಿರುಗಿ ನೋಡುವವರಿರಲಿಲ್ಲ. ಮಳೆಗಾಲವೆಲ್ಲ ಹೀಗೇ ಕಳೆಯಿತು. ದಸರೆ ಹತ್ತಿರವಾಯಿತು.

ಆಗ ಬಂತು ಪ್ರೊಜೆಕ್ಟರು. ಗೋಡೆಯಗಲದ ಬಿಳಿ ಪರದೆ, ಎದೆ ನಡುಗಿಸುವಂಥ ಸ್ಪೀಕರು. ಹೊಸ ಅಪಾರ್ಟ್‌ಮೆಂಟುಗಳಿಗೆ ಬಂದಿಳಿದಿದ್ದ ಸಾಫ್ಟ್‌ವೇರ್ ದಂಪತಿಗಳನ್ನು ಕರೆದು ತೋರಿಸಬೇಕು, ಅವರ ಮಕ್ಕಳನ್ನು ಸೆಳೆಯಬೇಕು ಎಂಬುದು ರಾಮದಾಸನ ಲೆಕ್ಕಾಚಾರ. ಒಂದು ಶನಿವಾರ ಗೊತ್ತುಮಾಡಿದ. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದರು. ಅವತ್ತು ಮಗಳನ್ನು ಮನೆಯಲ್ಲೇ ಬಿಡಲೇ ಎಂದು ವಿಶಾಲಾಕ್ಷಿ ಯೋಚಿಸದೆ ಇರಲಿಲ್ಲ. ಮಲ್ಲಪ್ಪನಿಗೆ ಹಗಲು ಪಾಳಿ, ಒಂಟಿ ಮಗುವನ್ನು ಯಾರ ಕೈಗೆ ಕೊಡುವುದು? ಹೇಗೂ ಕೊನೆಯ ಬೆಂಚು ಇದೆಯಲ್ಲ ಎಂದುಕೊಂಡು ಕರೆತಂದಳು. ದಾರಿಯಲ್ಲಿ ಮತ್ತೊಮ್ಮೆ ಹೇಳಿದಳು, "ಇವತ್ತ ಪರದಾ ಭಾಳ ದೊಡ್ಡದೈತಿ. ಬೆಳಕ ಮಿಣಿಮಿಣಿ ಅಂದ ಕೂಡ್ಲೇ ಕೈ ಎಲ್ಲಿ?"

ಹುಡುಗಿ ತಟ್ಟನೆ ಅಂಗೈಯಿಂದ ಬಲಗಣ್ಣು ಮುಚ್ಚಿ ತೋರಿಸಿ, ಉಳಿದ ಕಣ್ಣಲ್ಲಿ ನಕ್ಕಿತು.

ಆದರೆ ಮಕ್ಕಳನ್ನು ಕೂರಿಸಲು ಅವತ್ತು ರಾಮದಾಸ ತಾನೇ ನಿಂತಿದ್ದ. ಯೂನಿಫಾರ್ಮು ಮಾಸಿದವರನ್ನು ಹಿಂದಕ್ಕೆ ಅಟ್ಟಿ, ನೀಟಾಗಿದ್ದವರನ್ನು ಮುಂದಕ್ಕೆ ಎಳೆದ. ವಿಶಾಲಾಕ್ಷಿಯ ಮಗಳ ಇಸ್ತ್ರಿ, ರಿಬ್ಬನ್ನು, ಪಾಲಿಶು ನೋಡಿದವನೇ ತೋಳು ಹಿಡಿದು ಮೊದಲ ಬೆಂಚಿನ ನಟ್ಟನಡುವೆ ಕೂರಿಸಿಬಿಟ್ಟ. ವಿಶಾಲಾಕ್ಷಿ ಮುಂದಕ್ಕೆ ಬಂದಳು. "ಸರ್, ಆ ಹುಡುಗಿ..." ಎಂದಳು. "ಏಮಮ್ಮಾ?" ಎಂದು ಆತ ತಿರುಗಿದ. ಪಕ್ಕದಲ್ಲೇ ಆಯಾ ಗುಣವತಿ, ಬಾಗಿಲಲ್ಲಿ ಬಂದು ನಿಂತ ತಂದೆತಾಯಿಗಳು. ವಿಶಾಲಾಕ್ಷಿಯ ಬಾಯಿಂದ ಬಂದದ್ದು "ಏನಿಲ್ಲ ಸರ್" ಎಂಬುದಷ್ಟೇ. ಬಾಗಿಲು ಮುಚ್ಚಿದರು, ದೀಪ ಆರಿಸಿದರು.

ಅದು ತಾಯಿಯಿಂದ ತಪ್ಪಿಸಿಕೊಂಡ ಒಂಟೆಮರಿಯೊಂದರ ಕಥೆ. ಮರಿ ಮುಗ್ಗರಿಸಿದರೆ ಮಕ್ಕಳು ನಗುತ್ತಿದ್ದರು, ಅತ್ತರೆ ಉಸಿರು ಹಿಡಿಯುತ್ತಿದ್ದರು. ವಿಶಾಲಾಕ್ಷಿ ಹಾಲಿನ ಹಿಂದೆ ರಾಮದಾಸನ ಪಕ್ಕ ನಿಂತು ಮಗಳ ಎರಡು ಜಡೆಗಳನ್ನೇ ನೋಡುತ್ತಿದ್ದಳು. ಆ ಸಿಡಿಯನ್ನು ಟಿವಿಯಲ್ಲಿ ಅವಳು ಎಷ್ಟು ಸಲ ನೋಡಿದ್ದಳೆಂದರೆ, ಬಿರುಗಾಳಿ ಯಾವಾಗ ಬರುತ್ತದೆ, ಮಿಂಚು ಎಷ್ಟು ಹೊತ್ತು ಹೊಡೆಯುತ್ತದೆ ಎಲ್ಲವೂ ಕಣ್ಣಿಗೆ ಕಟ್ಟಿತ್ತು.

ಬಿರುಗಾಳಿ ಬಂತು. ಪರದೆ ಬೆಳ್ಳಗಾಗಿ, ಕಪ್ಪಾಗಿ, ಮತ್ತೆ ಬೆಳ್ಳಗಾಗಿ, ಇಡೀ ಹಾಲು ಮಿಣುಕತೊಡಗಿತು. ಸಂಯುಕ್ತಾಳ ಬಲಗೈ ಎದೆಯಿಂದ ಬಿಡಿಸಿಕೊಂಡು ಮೇಲೆದ್ದು ಕಣ್ಣಿಗೆ ಹೋಯಿತು. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆಯೇ ಮಾಡಿತ್ತು ಮಗು. ಕೈಕಟ್ಟಿ ಕೂತ ಸಾಲಿನಲ್ಲಿ ಅದೊಂದೇ ಮೊಣಕೈ ಹೊರಗೆ ಚಾಚಿಕೊಂಡು ಎದ್ದು ಕಾಣುತ್ತಿತ್ತು.

ಬಂದವರಲ್ಲಿ ಒಬ್ಬ ಹೆಂಗಸು ಪಕ್ಕದವರಿಗೆ ಏನೋ ಪಿಸುಗುಟ್ಟಿ ಆ ಕಡೆ ಬೆರಳು ತೋರಿಸಿದಳು. ಆ ಮಗು ಹಾಗೇಕೆ ಕೂತಿದೆ, ಕಣ್ಣಿಗೇನಾದರೂ ತೊಂದರೆಯೇ ಎಂದು ಹಿಂದಿಯಲ್ಲಿ ರಾಮದಾಸನನ್ನು ಕೇಳಿದಳು. ಆತ ಹೆಂಗಸಿಗೆ ನಗುಮುಖ ತೋರಿಸಿ, ವಿಶಾಲಾಕ್ಷಿಯ ಕಿವಿಯಲ್ಲಿ ತೆಲುಗಿನಲ್ಲಿ ಹಲ್ಲು ಕಡಿದ: ನಿನ್ನ ಸ್ವಂತ ಮಗಳೇ ನಿನ್ನ ಮಾತು ಕೇಳುವುದಿಲ್ಲವೇನಮ್ಮಾ? ಎಲ್ಲರೂ ಸಂಯುಕ್ತಾಳನ್ನೇ ನೋಡುತ್ತಿದ್ದರು. ಕಣ್ಣಿಗೆ ತೊಂದರೆ ಎಂಬ ಮಾತು ಬಂದಾಯಿತು, ಇನ್ನೊಂದು ಪ್ರಶ್ನೆ ಬಂದರೆ ಮುಗಿಯಿತು. ಬಿರುಗಾಳಿ ಇನ್ನು ಸ್ವಲ್ಪ ಹೊತ್ತು, ಅಷ್ಟೆ, ದಾಟಿಹೋಗುತ್ತದೆ ಎಂದುಕೊಂಡಳು ವಿಶಾಲಾಕ್ಷಿ. ಹಾಗೆ ಅಂದುಕೊಂಡೇ ಕೂಗಿದಳು:

"ಸಂಯುಕ್ತಾ! ಹ್ಯಾಂಡ್ಸ್ ಫೋಲ್ಡ್!"

ಹುಡುಗಿ ಹಿಂತಿರುಗಿತು. ಅಂಗೈ ಕಣ್ಣಿನ ಮೇಲೇ ಇತ್ತು. ಆ ಮಿಣುಕಿನಲ್ಲಿ ಮಗಳ ಮುಖ ಕಂಡು ಮರೆಯಾಗಿ ಮತ್ತೆ ಕಂಡಿತು. ಸರಿಯಾಗಿ ಕೇಳಿಸಿಕೊಂಡೆನೇ ಎಂದು ಕೇಳುವಂತಿತ್ತು ಅದು. ವಿಶಾಲಾಕ್ಷಿ ತಲೆಯಲ್ಲಾಡಿಸಿ ಇಲ್ಲವೆನ್ನಬಹುದಿತ್ತು. ಅನ್ನಲಿಲ್ಲ. "ಎಸ್ ಮಿಸ್" ಎಂದು ಹುಡುಗಿ ಮುಂದೆ ತಿರುಗಿ, ಕೈಕಟ್ಟಿ, ಎರಡೂ ಕಣ್ಣು ಬಿಟ್ಟು ಪರದೆ ನೋಡುತ್ತ ಕೂತಿತು.

ಬಿರುಗಾಳಿ ದಾಟಲಿಲ್ಲ. ಮೊದಲು ಒಂದು ಜಡೆ ಎಳೆದಂತೆ ಪಕ್ಕಕ್ಕೆ ವಾಲಿತು. ಆಮೇಲೆ ಭುಜ. ಒಂಟೆಮರಿಯನ್ನು ಅಣಕಿಸುತ್ತಿದ್ದಾಳೆ ಎಂದು ಅಕ್ಕಪಕ್ಕದ ಮಕ್ಕಳು ಕಿಸಕ್ಕನೆ ನಕ್ಕರು. ಸಂಯುಕ್ತಾ ಕಟ್ಟಿದ ಕೈ ಕಟ್ಟಿದ ಹಾಗೆಯೇ ಮುಂದಕ್ಕೆ ಬಿದ್ದಳು. ಕೈಯೂರಿಕೊಳ್ಳಲಿಲ್ಲವಾದ್ದರಿಂದ ಮುಖವೇ ಮೊದಲು ನೆಲಕ್ಕೆ ಬಡಿಯಿತು. ಆ ಸದ್ದು ಸ್ಪೀಕರಿನ ಗುಡುಗಿನ ನಡುವೆಯೂ ವಿಶಾಲಾಕ್ಷಿಗೆ ಕೇಳಿಸಿತು. ಬೆಂಚು ದಾಟಿ, ಮಕ್ಕಳನ್ನು ತುಳಿದುಕೊಂಡು ಓಡಿದಳು. ಯಾರೋ ದೀಪ ಹಾಕಿದರು. ಹಾಲಿಗೆ ಹಾಲೇ ಚೀರಿತು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ಗುಣವತಿ ಬೀಗದಕೈ ಗೊಂಚಲು ತಂದಳು, ಅದನ್ನು ದೂರ ತಳ್ಳಿ ವಿಶಾಲಾಕ್ಷಿ ಮಗಳನ್ನು ಪಕ್ಕಕ್ಕೆ ಮಗ್ಗುಲಾಗಿಸಿ, ಟೈ ಸಡಿಲಿಸಿ, ತಲೆಯ ಕೆಳಗೆ ಸೆರಗು ಮಡಿಸಿಟ್ಟಳು. ತುಟಿ ಸೀಳಿ ರಕ್ತ ಸುರಿಯುತ್ತಿತ್ತು. ಮುಂದಿನ ಒಂದು ಹಲ್ಲು ಬೆಂಚಿನ ಕೆಳಗೆ ಬಿದ್ದಿತ್ತು, ಅದು ಹಾಲುಹಲ್ಲಲ್ಲ.

"ಟಿಫಿನ್ ತಿಂದಿಲ್ಲ ಮಗು, ಖಾಲಿ ಹೊಟ್ಟೆಗೆ ತಲೆಸುತ್ತು" ಎಂದು ರಾಮದಾಸ ಬಂದವರನ್ನು ಹೊರಗೆ ಸಾಗಿಸುತ್ತಿದ್ದ. ಬಾಗಿಲಿನಿಂದ ತಿರುಗಿ, "ಅಲ್ವೇನಮ್ಮಾ?" ಎಂದ. ಆ ರಕ್ತದ ನಡುವೆ ಕೂತು ವಿಶಾಲಾಕ್ಷಿ ಹೌದೆಂದು ತಲೆಯಾಡಿಸಿದಳು.

ತಾರ್ನಾಕದ ಡಾಕ್ಟರು ತುಟಿಗೆ ಹೊಲಿಗೆ ಹಾಕಿಸಿದರು, ಗುಳಿಗೆ ಹೆಚ್ಚು ಮಾಡಿದರು. ಇಷ್ಟು ದಿನ ಬಾರದೆ ಇದ್ದದ್ದು ಲೆಕ್ಕಕ್ಕಿಲ್ಲ, ಇವತ್ತಿನಿಂದ ಹೊಸದಾಗಿ ಎಣಿಸಬೇಕು ಎಂದರು. ದಸರೆಯ ಮಾತನ್ನು ಅವರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಸಂಜೆ ಮಲ್ಲಪ್ಪ ಪಾಳಿ ಮುಗಿಸಿ ಬಂದವನು ಬುತ್ತಿಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಮಗಳ ಹತ್ತಿರ ಕೂತ. ಆತ ಎಂದೂ ದನಿಯೇರಿಸಿದವನಲ್ಲ. ಬಾತ ಮುಖವನ್ನು ಮೆಲ್ಲಗೆ ಸವರಿದ. ಇಷ್ಟು ದಿನ ದೇವರಿಗೆ ಕೈಮುಗಿದದ್ದೆಲ್ಲ ನೀರಿಗೆ ಹೋಯಿತು ಎಂಬ ಸಂಕಟ ಆತನ ಮುಖದಲ್ಲೇ ಇತ್ತು.

"ಯವ್ವಾ, ಕಣ್ಣಿಗೆ ಕೈ ಯಾಕ ಇಟಗೊಳ್ಳಲಿಲ್ಲ ನೀ? ಎಷ್ಟ ಸಲ ಹೇಳೀನಿ ನಾ?"

ವಿಶಾಲಾಕ್ಷಿ ಗಂಜಿಯ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ನಾನೇ ಇಳಿಸಿದೆನ್ರಿ ಆ ಕೈ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ಅಪ್ಪನ ಮುಖ ನೋಡಲಿಲ್ಲ, ತಾಯಿಯನ್ನೇ ನೋಡಿತು. ಹೊಲಿದ ತುಟಿಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಮರತೆ ಅಪ್ಪಾ."

"ಮರೀತಾರೇನವ್ವಾ ಇಂಥಾದ್ದು?" ಮಲ್ಲಪ್ಪನ ದನಿ ಒಡೆಯಿತು. ಆತ ಹೆಂಡತಿಯ ಕಡೆ ತಿರುಗಿದ. "ನೀ ಅಲ್ಲೇ ಇದ್ದೆಲ್ಲ ವಿಶಾಲಾ, ನೀನರ ನೋಡಲಿಲ್ಲೇನು?"

ಅವಳು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿತು, "ಅವ್ವ ಹಿಂದ ನಿಂತಿದ್ಲು ಅಪ್ಪಾ. ಕತ್ತಲಿತ್ತು. ಆಕಿಗೆ ಕಾಣಲಿಲ್ಲ."

ಎಲ್ಲಿಯೂ ತಡವರಿಸಲಿಲ್ಲ, ಕಣ್ಣು ಅಲುಗಲಿಲ್ಲ. ಎಂಟು ವರ್ಷದ ಮಗು ಅಷ್ಟು ನುಣ್ಣಗೆ ಸುಳ್ಳು ಹೇಳಿದ್ದನ್ನು ಕೇಳಿ ವಿಶಾಲಾಕ್ಷಿ ತಾಟನ್ನು ಹೊಸ್ತಿಲ ಪಕ್ಕ ಇಟ್ಟಳು. ಮಲ್ಲಪ್ಪ ಇನ್ನೂ ಅವಳನ್ನೇ ನೋಡುತ್ತಿದ್ದ.

"ಹೌದ್ರಿ, ಕಾಣಲಿಲ್ಲ" ಎಂದಳು.