ಸೂಗಪ್ಪ ಹಳ್ಳ ದಾಟಿದ ದಿನ

ವಿಮಾನ ಹೊತ್ತ ನಾಲ್ವರು ಹಳ್ಳದ ದಂಡೆಗೆ ಬಂದವರೇ ಗಕ್ಕನೆ ನಿಂತರು. ಹಿಂದೆ ಬರುತ್ತಿದ್ದವರು ಒಬ್ಬರ ಬೆನ್ನಿಗೆ ಒಬ್ಬರು ತಾಗಿದರು. ಭಜನೆಯ ತಾಳ ತಪ್ಪಿ, ಆಮೇಲೆ ನಿಂತೇ ಹೋಯಿತು. ಬಿದಿರಿನ ವಿಮಾನದಲ್ಲಿ ಕೂಡಿಸಿದ್ದ ಸೂಗಪ್ಪನ ದೇಹ ಒಮ್ಮೆ ಮುಂದಕ್ಕೆ ಬಾಗಿ, ಕಟ್ಟಿದ ಬಟ್ಟೆಯ ಬಿಗಿಗೆ ಮತ್ತೆ ನೆಟ್ಟಗಾಯಿತು. ಹಣೆಯ ವಿಭೂತಿ ಒಂದಿಷ್ಟು ಉದುರಿತು.

ಎದುರಿಗೆ ನೀರು ಹರಿಯುತ್ತಿತ್ತು. ಆಚೆ ದಂಡೆಯ ಮೇಲೆ ರುದ್ರಭೂಮಿ.

"ಶಿವನೇ, ಹಳ್ಳ ಅದ ಅಂಬೋದೇ ಮರತೀವಲ್ಲ," ಎಂದ ಮುಂದಿನ ಹೆಗಲಿನವನು.

ತಪ್ಪು ಯಾರೊಬ್ಬರದೂ ಅಲ್ಲ. ನಲವತ್ತು ವರ್ಷ ರಂಗಂಪೇಟೆಯ ಈ ಓಣಿಯಲ್ಲಿ ಹೆಣ ಹೊತ್ತವರೆಲ್ಲ ಇದೇ ದಾರಿ ಹಿಡಿದು, ಕಸದ ದಿಬ್ಬದ ಮೇಲೆ ಒಣಗಾಲಲ್ಲಿ ನಡೆದಿದ್ದರು. ಅದರಡಿ ಹಳ್ಳವಿದೆಯೆಂದು ನೆನಪಿಟ್ಟವನು ಸೂಗಪ್ಪನೊಬ್ಬನೇ. ಐತ್ವಾರಕ್ಕೊಮ್ಮೆ ನಾಲ್ಕಾರು ಜನರನ್ನು ಕೂಡಿಸಿಕೊಂಡು, ವರ್ಷಗಟ್ಟಲೆ ಹರಿವಿನ ಮೇಲ್ಗಡೆಯಿಂದ ಬಗೆಯುತ್ತ ಬಂದ ಆತ, ಇಲ್ಲಿಯ ಕಸ ಎತ್ತಿಸಿದ್ದು ಈ ಬೇಸಿಗೆಯಲ್ಲಿ. ಮಳೆ ಬಿದ್ದು ನೀರು ಹರಿದ ಮೇಲೆ ಓಣಿಯಲ್ಲಿ ಸತ್ತವರಲ್ಲಿ ಮೊದಲಿಗನೂ ಆತನೇ. ಕುಣಿ ತೋಡುವವರು ಬೆಳಿಗ್ಗೆ ಸೇತುವೆಯ ಮೇಲೆ ಹೋಗಿದ್ದರು. ಅದನ್ನು ಹೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲ. ಕಾಲುಗಳು ರೂಢಿಯ ದಾರಿ ಹಿಡಿದುಬಿಟ್ಟಿದ್ದವು.

"ಓಣಿಗಿ ಹೊಳ್ಳಿ, ಸೇತುವಿ ಮ್ಯಾಲಿಂದ ಹೋಗೂಣು," ಎಂದರು ಯಾರೋ.

"ಮನಿ ಬಿಟ್ಟ ವಿಮಾನ ಹಿಂದಕ್ಕ ತಿರಗಸ್ತಾರೇನು?" ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಗದರಿದರು. "ಹೊತ್ತು ಬ್ಯಾರೆ ಇಳಿಯಾಕತ್ತದ."

ಸೂಗಪ್ಪನ ತಮ್ಮನ ಮಗ ವಿಶ್ವರಾಧ್ಯ ಆಗಲೇ ಫೋನು ಕೈಗೆತ್ತಿಕೊಂಡಿದ್ದ. ಅವನದು ರಸ್ತೆ ಗುತ್ತಿಗೆ. ಹೆಂಗಸರ ನಡುವೆ ನಿಂತಿದ್ದ ಸೂಗಪ್ಪನ ಹೆಂಡತಿ ಭಾಗಮ್ಮನ ಬಳಿಗೆ ಬಂದ.

"ದೊಡ್ಡವ್ವ, ಚಿಂತಿ ಮಾಡಬ್ಯಾಡ. ಇಲ್ಲೇ ಬಾಜೂಕ ನಮ್ಮ ಕೆಲಸ ನಡದದ. ಎರಡು ಟಿಪ್ಪರ್ ಮರಮ್ ಮಣ್ಣು ಸುರಿಸಿದ್ರ ದಾರಿ ಆಗ್ತದ. ದೊಡ್ಡಪ್ಪಗ ಒಂದು ಹನಿ ಸಿಡಿಯಂಗಿಲ್ಲ."

ಅವನ ಕಣ್ಣು ಅತ್ತು ಕೆಂಪಾಗಿದ್ದವು. ಮಾತಿನಲ್ಲಿ ಕಪಟವಿರಲಿಲ್ಲ. ಐತ್ವಾರದ ಕೆಲಸಕ್ಕೆ ತಪ್ಪದೆ ಬರುತ್ತಿದ್ದ ದರ್ಜಿ ಶರೀಫಸಾಬ ಮಾತ್ರ ಮೆಲ್ಲಗೆ ಹೇಳಿದ:

"ಅಕ್ಕಾರ, ಒಮ್ಮೆ ಮಣ್ಣು ಬಿದ್ದರ ಮತ್ತ ಯಾರೂ ತೆಗಸಂಗಿಲ್ಲ. ತೆಗಸಾಂವ ಅಲ್ಲಿ ಕುಂತಾನ ನೋಡ್ರಿ."

* * *

ಭಾಗಮ್ಮ ಆ ಹಳ್ಳದ ಮೇಲೆ ಸಿಟ್ಟು ಇಟ್ಟುಕೊಂಡೇ ಬಾಳಿದವಳು. ಕಿರಾಣಿ ಅಂಗಡಿ ನಡೆಸಿ ನಾಲ್ಕು ಜನರಲ್ಲಿ ಮರ್ಯಾದೆಯಿಂದಿದ್ದ ಗಂಡ, ಐತ್ವಾರ ಮಧ್ಯಾಹ್ನ ಕರಿ ರಾಡಿ ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಆಕೆ ಅಂಗಳದಲ್ಲೇ ತಡೆದು ಮೈಮೇಲೆ ಕೊಡ ಸುರಿಯುತ್ತಿದ್ದಳು.

"ಆ ಕೈಲೆ ಲಿಂಗ ಮುಟ್ಟಬ್ಯಾಡ್ರಿ ಮತ್ತ."

"ಲಿಂಗಕ್ಕ ಎರಿಯೋ ನೀರು ಎಲ್ಲಿದು?"

"ನಳದ್ದು."

"ನಳಕ್ಕ?"

"ಅದನ್ನ ಮುನ್ಸಿಪಾಲ್ಟಿಯವರಿಗಿ ಕೇಳ್ರಿ."

ಆತ ನಗುತ್ತಿದ್ದ. ಒಮ್ಮೆ ಕಸದೊಳಗಿನಿಂದ ಸ್ಟೀಲಿನ ಮುಚ್ಚಳವೊಂದನ್ನು ತಂದು, "ನಿಂದೇ ಅದ, ಹೆಸರು ಕೊರದದ ನೋಡು. ಹಳ್ಳ ಮುಚ್ಚೂದರಾಗ ನಮ್ಮನಿ ಪಾಲೂ ಅದ," ಎಂದಿದ್ದ. ಆಕೆಗೆ ನಗು ಬಂದಿರಲಿಲ್ಲ.

ಉಣ್ಣಲು ಕುಳಿತರೆ ಹಳ್ಳದ್ದೇ ಸುದ್ದಿ. ಕೇರಿಯ ಜೈಭೀಮ ಮೊದಲ ದಿನ ದಂಡೆಯ ಮೇಲೆ ನಿಂತು ಕೇಳಿದ್ದನಂತೆ: "ನಮ್ಮಪ್ಪ ಸಾಯೋತನಕ ಊರ ಗಟಾರ ಬಳದ. ಒಬ್ಬರೂ ಬಂದು ಹಾರ ಹಾಕಲಿಲ್ಲ. ನೀವು ಒಂದು ದಿನ ಬಳದರ ಸೇವಾ ಆಗ್ತದೇನ್ರಿ, ಸಾವುಕಾರ?"

"ನೀವೇನಂದ್ರಿ?"

"ಖರೇ ಅದ ಅಂದೆ. ನೀ ಇಳೀಬ್ಯಾಡಪ, ಮ್ಯಾಲ ಕುಂತು ಬೈಕೋತ ಇರು, ಕೆಲಸ ನಾವು ಮಾಡ್ತೀವಿ ಅಂದೆ. ಕುಂತೇಬಿಟ್ಟ. ಏನು ಬೈಗಳ ಅಂತಿ! ಶರೀಫ ನಕ್ಕು ನಕ್ಕು ರಾಡಿಯಾಗ ಬಿದ್ದ."

ಮುಂದೆ ಜೈಭೀಮ ತಾನಾಗಿ ಇಳಿದನಂತೆ. ಬೈಯುವುದನ್ನು ಮಾತ್ರ ಬಿಡಲಿಲ್ಲವಂತೆ.

ನೀರು ಬಂದ ದಿನ ಗಂಡ ಬಾಗಿಲಲ್ಲಿ ನಿಂತು, "ಬಾ, ನೋಡಿ ಬರೂಣು," ಎಂದಿದ್ದ. ಒಲೆಯ ಮೇಲೆ ಬ್ಯಾಳಿ ಇದೆಯೆಂದು ಆಕೆ ಹೋಗಿರಲಿಲ್ಲ.

* * *

"ಏನಂತಿ ದೊಡ್ಡವ್ವ? ಫೋನ್ ಹಚ್ಚಲೇನು?"

ಭಾಗಮ್ಮ ನೀರನ್ನು ನೋಡಿದಳು. ಅಗಲವೇನಿಲ್ಲ, ನಾಲ್ಕು ಮಾರು ಇರಬಹುದು. ತಳದ ಕಲ್ಲು ಕಾಣುತ್ತಿದ್ದವು.

"ಬ್ಯಾಡಪ. ನೀರಾಗೇ ಒಯ್ಯಿರಿ."

ಹೊತ್ತವರು ಮುಖ ಮುಖ ನೋಡಿಕೊಂಡರು. ಅವರ ಪಾಲಿಗೆ ಅದಿನ್ನೂ ಗಟಾರವೇ. "ಕಾಲು ಜಾರಿದರ ಏನ್ಮಾಡೂದು, ಅತ್ತಿ?" ಎಂದ ಒಬ್ಬ, ಮಡಿ ಧೋತರದ ಚುಂಗು ಎತ್ತಿ ಹಿಡಿದು.

ಜೈಭೀಮ ಚಪ್ಪಲಿ ಬಿಟ್ಟು ಮುಂದೆ ಬಂದ. "ಯವ್ವ, ನೀವು ಹೂಂ ಅಂದ್ರ ನಾವು ಒಯ್ತೀವಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಅಯ್ಯನವರು ಕೆಮ್ಮಿದರು. ತಮ್ಮಂಥ ಮನೆಯ ವಿಮಾನಕ್ಕೆ ಯಾರು ಹೆಗಲು ಕೊಡಬೇಕು, ಯಾರು ಕೊಡಬಾರದು ಎಂಬುದನ್ನು ಭಾಗಮ್ಮನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಕೆ ಕೊರಳ ಲಿಂಗವನ್ನು ಸೆರಗಿನ ಮೇಲಿಂದಲೇ ಒತ್ತಿ ಹಿಡಿದಳು.

"ಹೂಂ," ಎಂದಳು. "ಹೌರಗ, ಸಾವಕಾಶ ಒಯ್ಯಿರಿ."

ಜೈಭೀಮ, ಶರೀಫಸಾಬ, ಐತ್ವಾರದ ಇನ್ನಿಬ್ಬರು ಹೆಗಲು ಬದಲಿಸಿದರು. ನೀರು ಮೊಣಕಾಲು ದಾಟಿತು. ವಿಶ್ವರಾಧ್ಯ ಒಂದು ಕ್ಷಣ ನಿಂತವನು, ಪ್ಯಾಂಟಿನ ಸಮೇತ ಇಳಿದು ಹಿಂದಿನ ಬಿದಿರಿಗೆ ಕೈಕೊಟ್ಟ. ಭಾಗಮ್ಮ ಸೀರೆ ಎತ್ತಿ ಕಟ್ಟಿ ಅವರ ಬೆನ್ನಿಗೇ ಇಳಿದಳು. ಉಳಿದವರು ಸೇತುವೆಯ ದಾರಿ ಹಿಡಿದರು.

ಕುಣಿಯಲ್ಲಿ ಕೂಡಿಸಿ, ಬಿಲ್ವಪತ್ರೆ ಏರಿಸಿ, ಮಣ್ಣು ಎಳೆದರು. ಮಣ್ಣು ಎದೆಗೆ ಬಂತು, ಬಾಯಿಗೆ ಬಂತು, ಕೊನೆಗೆ ರುಮಾಲನ್ನೂ ಮುಚ್ಚಿತು. ಅಲ್ಲಿಯತನಕ ಭಾಗಮ್ಮ ಅತ್ತಿರಲಿಲ್ಲ.

* * *

ಮರಳುವಾಗ ಹಳ್ಳದ ಮೇಲೆ ದಾರಿಯಾಗಿತ್ತು. ಕೆಂಪು ಮರಮ್ ಆ ದಂಡೆಯಿಂದ ಈ ದಂಡೆಗೆ ಹರಡಿತ್ತು. ಟಿಪ್ಪರ್ ಆಗಲೇ ಹೋಗಿತ್ತು.

"ಮುದುಕರು, ಹೆಣ್ಣುಮಕ್ಕಳು ಮತ್ತ ಸುತ್ತು ಹಾಕಿ ಹ್ಯಾಂಗ ಹೋಗ್ತಾರಂತ ಹಾಕಿಸೀನಿ," ಎಂದು ವಿಶ್ವರಾಧ್ಯ ಆಕೆಯ ಕೈ ಹಿಡಿದ. ಅವನ ಪ್ಯಾಂಟು ಇನ್ನೂ ಆರಿರಲಿಲ್ಲ. "ದೊಡ್ಡಪ್ಪನ್ನ ನೀರಾಗೇ ಒಯ್ದೀವಿ. ನಿನ್ನ ಮಾತು ಮೀರಿಲ್ಲ ದೊಡ್ಡವ್ವ. ಕಾರ್ಯ ಎಲ್ಲಾ ಮುಗೀಲಿ, ತೆಗಸ್ತೀನಿ."

"ಛಲೋ ಮಾಡಿದಿ ತಮ್ಮ," ಎನ್ನುತ್ತ ಜನ ದಾಟತೊಡಗಿದರು. ಮುದುಕಿಯೊಬ್ಬಳು ಅವನ ಮುಖ ನೀವಿ ನೆಟಿಕೆ ಮುರಿದಳು. ಅಯ್ಯನವರು ಒಣಗಾಲಲ್ಲಿ ಆಚೆ ಸೇರಿದರು. ಶರೀಫಸಾಬ ತಲೆ ತಗ್ಗಿಸಿ ನಿಂತ. ಜೈಭೀಮನ ಬಾಯಿಂದ ಒಂದು ಬೈಗುಳವೂ ಬರಲಿಲ್ಲ.

ಭಾಗಮ್ಮ ಕೈ ಬಿಡಿಸಿಕೊಂಡಳು. ಹರಿವಿನ ಮೇಲ್ಗಡೆ ನೀರು ಮಣ್ಣಿಗೆ ತಡೆದು ನಿಂತಿತ್ತು. ಒಂದು ಪ್ಲಾಸ್ಟಿಕ್ ಚೀಲ ಅಲ್ಲಿಯೇ ಸುತ್ತುತ್ತಿತ್ತು. ಕೆಳಗಡೆ ಕಲ್ಲುಗಳು ಆರತೊಡಗಿದ್ದವು. ಆಕೆ ಅಂಚಿನಲ್ಲಿ ಕುಳಿತು, ಎರಡೂ ಕೈಯಿಂದ ಮರಮ್ ಬಗೆದು ದಂಡೆಗೆ ಹಾಕಿದಳು. ಮತ್ತೆ ಬಗೆದಳು.

"ದೊಡ್ಡವ್ವ, ಏಳು. ಜನ ನೋಡಾಕತ್ತಾರ."

ಬೆರಳಿನಷ್ಟು ಸಣ್ಣ ನೀರು ಮಣ್ಣಿನೊಳಗೆ ನುಸುಳಿತು. ಮೇಲೆ ಜನ ನಡೆದ ಅದುರಿಗೆ ಮರಮ್ ಜಾರಿ ಅದನ್ನು ಮುಚ್ಚಿತು. ಆಕೆ ಮತ್ತೆ ಕೈ ಹಾಕಿದಳು.