ಜ್ವರ ಬಂದ ಕೋವಿ

ಆ ಕೈಲ್ ಮುಹೂರ್ತದ ಬೆಳಗ್ಗೆ ಮಳೆ ಹೊಳವಾಗಿ, ಕೊಡಗಿನ ಬೆಟ್ಟಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಆಯುಧ ಪೂಜಿಸುವ ಹಬ್ಬ. ನನ್ನ ನಳಿಗೆಯ ಬಾಯಿಗೆ ಹೂ ಸಿಕ್ಕಿಸಿ ದೀಪದ ಮುಂದೆ ಒರಗಿಸಿದ್ದರು. ನಾನೊಂದು ಕೋವಿ. ಈಗ ಮುದಿಯಾಗಿ ಮೂಲೆ ಸೇರಿದ್ದೇನೆ; ಆ ದಿನ ಮಾತ್ರ ಮರೆತಿಲ್ಲ.

ನನ್ನ ಹುಟ್ಟು ದೂರದ ಕಾರ್ಖಾನೆಯಲ್ಲಿ. ಉಕ್ಕಿನ ಸರಳು ಕೊರೆದು ನಳಿಗೆ ಮಾಡುವಾಗ ಕೂದಲೆಳೆಯಷ್ಟು ಬಾಗಿದ್ದೆ. ತಣ್ಣಗಿದ್ದ ನನ್ನನ್ನು ಹಾಗೇ ಒತ್ತಿ ನೆಟ್ಟಗೆ ಮಾಡಿದರು. ಆಮೇಲೆ ಕುಲುಮೆಯಲ್ಲಿ ಹದವಾಗಿ ಕಾಯಿಸಿ, ಮೆಲ್ಲಗೆ ಆರಲು ಬಿಟ್ಟರೆ ಒಳಗಿನ ಬಿಗಿ ಸಡಿಲುತ್ತದೆ. ಏನವಸರವಿತ್ತೋ, ನನಗೆ ಆ ಭಾಗ್ಯ ಸಿಗಲಿಲ್ಲ. ಹೊರಗೆ ನೆಟ್ಟಗಿದ್ದರೂ ಒಳಗೆ ಬಾಗಿದ ನೆನಪನ್ನು ಹೊತ್ತೇ ಲೋಕಕ್ಕೆ ಬಂದೆ.

ನನ್ನನ್ನು ಕೊಂಡವರು ಬೆಳ್ಯಪ್ಪಜ್ಜ. ಒಂದು ಗುಂಡು ಹಾರಿಸಿದರೆ, ಎಲೆಅಡಿಕೆ ಮೆದ್ದು ಮುಗಿಯುವ ತನಕ ಮತ್ತೆ ನನ್ನನ್ನು ಮುಟ್ಟುತ್ತಿರಲಿಲ್ಲ. ಅಜ್ಜನ ಚಟವೆಂದು ಮನೆಯವರು ನಗುತ್ತಿದ್ದರು. ತೀರಿಹೋಗುವ ಮುನ್ನ ಮೊಮ್ಮಗಳು ದೇಚವ್ವನ ಕೈಗೆ ನನ್ನನ್ನಿಟ್ಟು, "ಮನೆತನದ ಗುರಿ ಇನ್ನು ನಿಂದು, ಕುಂಞಿ, ನನ್ನ ಮಗುವೇ" ಎಂದರು.

ಹಿಂದಿನ ವರ್ಷ ಹಬ್ಬದ ಪಂದ್ಯದಲ್ಲಿ ದೇಚವ್ವ ಮರದ ತುದಿಯ ತೆಂಗಿನಕಾಯಿಗೆ ಬೆನ್ನುಬೆನ್ನಿಗೆ ಗುಂಡು ಹಾರಿಸಿದಳು. ಮೊದಲನೆಯದು ಸಿಪ್ಪೆ ಸವರಿತು, ಉಳಿದವು ಬಲಕ್ಕೆ ಸರಿದವು. ಅವಳ ಅಣ್ಣ ಉತ್ತಯ್ಯ ಎಲ್ಲರ ಎದುರೇ ನನ್ನನ್ನು ಕಿತ್ತುಕೊಂಡ. "ನಿನ್ನ ಕೈ ನಡುಗ್ತದೆ. ಹೋಗಿ ಒಲೆ ಊದು!"

ಈ ಸಲ ಉತ್ತಯ್ಯನೇ ನಿಂತ. ಬರುವ ಮುನ್ನ, ಹಿರಿಯರ ಗುಡಿಯೆದುರು ಗೌರವಕ್ಕೆಂದು ಸಾಲುಸಾಲಾಗಿ ಗುಂಡು ಹಾರಿಸಿ ಬಂದಿದ್ದ. ನನ್ನ ಮೈ ಸುಡುತ್ತಿತ್ತು. ಮೊದಲ ಗುಂಡು ಬಲಕ್ಕೆ ಹೋಯಿತು. ಎರಡನೆಯದು ಇನ್ನೂ ಬಲಕ್ಕೆ.

"ಏನು ಉತ್ತಯ್ಯ, ಪಕ್ಕದ ಮರದ ಕಾಯಿ ಬೇಕಿತ್ತಾ?" ಎಂದರು ಯಾರೋ.

"ಈ ಹಾಳು ಕೋವಿ ನಾಳೆ ಗುಜರಿಗೇ!" ಉತ್ತಯ್ಯ ಸಿಡುಕಿದ.

ಉಳಿದಿದ್ದು ಒಂದೇ ಗುಂಡು. ದೇಚವ್ವ ಬಂದು ಅಂಗೈ ನನ್ನ ಮೈಗಿಟ್ಟು ಥಟ್ಟನೆ ತೆಗೆದಳು.

"ಮುಟ್ಟಿ ನೋಡಣ್ಣ, ಜ್ವರ ಬಂದಿದೆ. ಕೈ ನಡುಗಿದ್ರೆ ಗುಂಡು ಆಚೆಗೂ ಈಚೆಗೂ ಹೋಗ್ಬೇಕು. ನಂದೂ ನಿಂದೂ ಬಲಕ್ಕೇ ಯಾಕೆ ಹೋಯ್ತು?"

ಉತ್ತಯ್ಯ ನಳಿಗೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. ದೇಚವ್ವ ಸೆರಗಿನ ಗಂಟು ಬಿಚ್ಚಿ ಎಲೆಅಡಿಕೆ ಕೊಟ್ಟಳು. "ಅಜ್ಜನ ಹಾಗೆ ಪೂರ್ತಿ ಮೆಲ್ಲು. ಅದು ಚಟ ಅಲ್ಲ, ಈಗ ಗೊತ್ತಾಯ್ತು."

"ಗುರಿಗೆ ಬಂದದ್ದೋ, ಬೀಗರೂಟಕ್ಕೋ?" ಜನ ನಕ್ಕರು. ಅವನು ಮೆಲ್ಲುತ್ತಲೇ ಇದ್ದ. ಒಂದು ಮುಗಿದ ಮೇಲೆ ಇನ್ನೊಂದು.

ನೆರಳಲ್ಲಿ ನಾನು ಆರುತ್ತ ಬಂದೆ. ಕಾವಿನಲ್ಲಿ ಎದ್ದು ನನ್ನನ್ನು ಓರೆಗೆಳೆದಿದ್ದ ಹಳೆಯ ಬಿಗಿ ಮಗುವಿನಂತೆ ಮಲಗಿತು. ಜೀವವಿಲ್ಲದ ಉಕ್ಕಿಗೂ ನೆನಪನ್ನು ಕೊಟ್ಟವನು, ಅದು ಮಲಗಲು ತಂಪನ್ನೂ ಇಟ್ಟಿದ್ದಾನಲ್ಲ! ಕೈಗಳಿದ್ದರೆ ಮುಗಿಯುತ್ತಿದ್ದೆ.

ಉತ್ತಯ್ಯ ಗುರಿಯಿಟ್ಟ. ಕಾಯಿ ಎರಡು ಹೋಳಾಗಿ, ಎಳನೀರು ಬಿಸಿಲಲ್ಲಿ ಚಿಮ್ಮಿತು.

ಜನ ಅವನನ್ನು ಹೆಗಲಿಗೇರಿಸಿದರು. ಅವನು ಇಳಿದು, ಗುಂಪನ್ನು ದಾಟಿ ತಂಗಿಯ ಬಳಿ ಬಂದ. ತಲೆ ತಗ್ಗಿಸಿ, ಎರಡೂ ಕೈಯಲ್ಲಿ ನನ್ನನ್ನು ಅವಳಿಗೆ ಒಪ್ಪಿಸಿದ.